ಶಿರವಾಳ ಸೀಮೆಯ ದನಕರುಗಳೂ ಪರೋಪಜೀವಿ ರೋಗಗಳೂ

ಕೃಷ್ಣಾ ಭೀಮಾ ನದಿಗಳ ನಡುವಣ ಎರೆಯ ನಾಡಿನಲ್ಲಿ, ಶಹಾಪುರ ತಾಲ್ಲೂಕಿಗೆ ಸೇರಿದ ಶಿರವಾಳವು ಪ್ರಾಚೀನ ದೇವಾಲಯಗಳ ಗ್ರಾಮವೆಂದು ಇತಿಹಾಸಾಭ್ಯಾಸಿಗಳಿಗೆ ಪರಿಚಿತವಾದುದು. ರಾಷ್ಟ್ರಕೂಟರ ಮತ್ತು ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪಪದ್ಧತಿಯನ್ನು ತೋರುವ ಅನೇಕ ಗುಡಿಗಳು ಅಲ್ಲಿ ಇಂದಿಗೂ ಉಳಿದಿರುವುವು. ಇಂತಹ ಸ್ಥಳಗಳ ವಿಚಾರದಲ್ಲಿ ಗುಡಿಯ ಶೈಲಿ, ಕಟ್ಟಿಸಿದವರ ವಂಶ, ದತ್ತಿಯ ವಿವರ ಇವುಗಳ ವಿವೇಚನೆಯು ಸಾಕಷ್ಟು ನಡೆಯುತ್ತದೆ. ಆದರೆ ದತ್ತಿಯ ಹೊಲವನ್ನು ಉತ್ತ ಎತ್ತು, ಅದು ನೀರು ಕುಡಿದ ಕೆರೆ, ಆ ನೀರಿನಿಂದ ಅದರ ಮೈಯೊಳಗೆ ಹೊಕ್ಕ ವ್ಯಾಧಿ, ಇವು ಇತಿಹಾಸದ ವಿಷಯವೆಂದು ಎಣಿಸಲ್ಪಟ್ಟಿರುವುದು ಕಡಿಮೆ. ಒಂದು ಜೊತೆ ಎತ್ತು ಬಲಗುಂದಿದರೆ ಒಂದು ಮನೆತನದ ಬಿತ್ತನೆಯೇ ತಪ್ಪುತ್ತಿದ್ದ ನಾಡಿನಲ್ಲಿ ಈ ಉಪೇಕ್ಷೆಯು ಸಣ್ಣದಲ್ಲ.

ಬೇರೊಂದು ಪ್ರಾಣಿಯ ಮೈಯ ಮೇಲಾಗಲಿ ಒಳಗಾಗಲಿ ನೆಲಸಿ, ಅದರ ರಕ್ತ ರಸಗಳಿಂದಲೇ ಬದುಕುವ ಜೀವಿಗಳಿಗೆ ಪರೋಪಜೀವಿಗಳೆಂದು ಹೆಸರು. ಉಣ್ಣೆ, ಹೇನು, ಜಂತುಹುಳು, ಯಕೃತ್ತಿನ ಚಪ್ಪಟೆ ಹುಳು, ಕಣ್ಣಿಗೆ ಕಾಣದ ರಕ್ತಾಣುಜೀವಿ, ಇವೆಲ್ಲವೂ ಈ ವರ್ಗಕ್ಕೆ ಸೇರುವುವು. ಈ ಸೀಮೆಯ ದನಗಳಲ್ಲಿ ಇಂತಹ ರೋಗಗಳ ಇತಿಹಾಸವೆಂಬುದು ಬಹುಮಟ್ಟಿಗೆ ನೀರಿನ ಇತಿಹಾಸವೇ ಆಗಿದೆ. ಆಳಿದವರ ಕಣ್ಣಿಗೆ ಬಿದ್ದುದು ದನಗಳನ್ನು ಕೊಲ್ಲುವ ರೋಗ. ಸವೆಸುವ ರೋಗವು ಅವರ ಲೆಕ್ಕದ ಹೊರಗೇ ಉಳಿಯಿತು. ಈ ಎರಡು ಅಂಶಗಳನ್ನು ಸಾಧಾರವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶವು.

೧. ಪ್ರಾಚೀನ ಸಾಧನಗಳು

ಕನ್ನಡನಾಡಿನ ಶಾಸನಗಳಲ್ಲಿ ಗೋವುಗಳ ಪ್ರಸ್ತಾಪಕ್ಕೆ ಕೊರತೆಯಿಲ್ಲ. ತುಱುಗೊಳ್ಳುವಾಗ, ಎಂದರೆ ಶತ್ರುಗಳು ದನಗಳ ಹಿಂಡನ್ನು ಹೊಡೆದುಕೊಂಡು ಹೋಗುವಾಗ, ಅಡ್ಡನಿಂತು ಕಾದಿ ಮಡಿದವರ ವೀರಗಲ್ಲುಗಳು ನಾಡಿನ ಎಲ್ಲೆಡೆಯಲ್ಲಿಯೂ ದೊರೆಯುವುವು. ದನವೇ ಧನವಾಗಿದ್ದ ಕಾಲದಲ್ಲಿ ಹಿಂಡನ್ನು ಉಳಿಸಲು ಪ್ರಾಣವನ್ನೇ ಕೊಡುತ್ತಿದ್ದರೆಂಬುದಕ್ಕೆ ಇವು ಸಾಕ್ಷಿ. ಕಳ್ಳನಿಂದಾದ ನಷ್ಟವು ಒಂದೇ ದಿನದಲ್ಲಿ, ಎಲ್ಲರ ಕಣ್ಣೆದುರಿನಲ್ಲಿ ಸಂಭವಿಸುವಂಥದು. ಹುಳುವಿನಿಂದಾದ ನಷ್ಟವಾದರೋ ವರ್ಷಗಟ್ಟಲೆ ತಿಳಿಯದಂತೆ ನಡೆಯುವುದು. ಮೊದಲನೆಯದಕ್ಕೆ ಕಲ್ಲು ನಿಂತಿತು, ಎರಡನೆಯದಕ್ಕೆ ನಿಲ್ಲಲಿಲ್ಲ.

ಹಾಗೆಂದು ಪಶುವೈದ್ಯವು ಪ್ರಾಚೀನರಿಗೆ ತಿಳಿದಿರಲಿಲ್ಲವೆಂದು ಹೇಳಲಾಗದು. ಶಿರವಾಳವು ಚಾಲುಕ್ಯರ ಆಳ್ವಿಕೆಯಲ್ಲಿದ್ದ ಕಾಲದಲ್ಲಿಯೇ ಆ ರಾಜವಂಶಕ್ಕೆ ಸೇರಿದ ಕೀರ್ತಿವರ್ಮನು ಕನ್ನಡದಲ್ಲಿ ಗೋವೈದ್ಯವೆಂಬ ಗ್ರಂಥವನ್ನು ರಚಿಸಿದನು. ಇವನ ಕಾಲವನ್ನು ಸುಮಾರು ಕ್ರಿ. ಶ. ೧೧೨೫ ಎಂದು ಇಟ್ಟುಕೊಳ್ಳುವ ರೂಢಿಯಿದೆ. ಈ ಗ್ರಂಥದಲ್ಲಿ ಔಷಧಗಳೊಡನೆ ಮಂತ್ರಪ್ರಯೋಗಗಳೂ ಬೆರೆತಿರುವುವು. ಇದಕ್ಕೂ ನೂರು ವರ್ಷ ಮೊದಲೇ, ಕ್ರಿ. ಶ. ೧೦೨೫ರ ಸುಮಾರಿಗೆ, ಇಮ್ಮಡಿ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ನೆಲದೊಳಗಿನ ನೀರನ್ನು ಕಂಡುಹಿಡಿಯುವ ಕ್ರಮವೂ ವೈದ್ಯವೂ ಒಂದೇ ಗ್ರಂಥದ ಅಧ್ಯಾಯಗಳಾಗಿರುವುದು ಗಮನಾರ್ಹ. ಅರಸುಮನೆತನದವನೊಬ್ಬನು ಆನೆ ಕುದುರೆಗಳನ್ನು ಬಿಟ್ಟು ಗೋವುಗಳ ವ್ಯಾಧಿಯನ್ನು ಕುರಿತು, ಅದೂ ಸಂಸ್ಕೃತದಲ್ಲಲ್ಲದೆ ದೇಶಭಾಷೆಯಲ್ಲಿ, ಬರೆದನೆಂಬುದರಿಂದ ಆ ವಿದ್ಯೆಗೆ ಒಕ್ಕಲಿಗರಲ್ಲಿಯೂ ಗೋವಳರಲ್ಲಿಯೂ ಬಳಕೆಯಿದ್ದಿತೆಂದು ಊಹಿಸಬಹುದು.

ಗ್ರಂಥಕ್ಕಿಂತಲೂ ಭಾಷೆಯೇ ಇಲ್ಲಿ ಹೆಚ್ಚಿನ ಸಾಧನವಾಗಿದೆ. ಕಣ್ಣಿಗೆ ಕಾಣುವ ಪರೋಪಜೀವಿಗಳಿಗೆಲ್ಲ ಕನ್ನಡದಲ್ಲಿ ಹಳೆಯ ಹೆಸರುಗಳಿರುವುವು. ಕೆಚ್ಚಲಿಗೆ ಕಚ್ಚಿಕೊಂಡಿದ್ದರೂ ಹಾಲಿನ ಸವಿಯನ್ನು ಅರಿಯದ ಉಣ್ಣೆಯು ನಮ್ಮ ಸಾಹಿತ್ಯದಲ್ಲಿ ದೃಷ್ಟಾಂತವಾಗಿಯೇ ನಿಂತಿದೆ. ಕರುವಿನ ಸಗಣಿಯಲ್ಲಿ ಬೀಳುವ ಹುಳುವು ಜಂತು. ಅದಕ್ಕೆ ಮುತ್ತುಗದ ಬೀಜವನ್ನು ಅರೆದು ಕುಡಿಸುವುದೂ, ಉಣ್ಣೆಗೆ ಬೇವಿನ ಅಥವಾ ಹೊಂಗೆಯ ಎಣ್ಣೆಯನ್ನು ಸವರುವುದೂ ಪರಂಪರೆಯಿಂದ ಬಂದ ಚಿಕಿತ್ಸೆಗಳು. ಮುತ್ತುಗದ ಬೀಜಕ್ಕೆ ಜಂತುನಾಶಕ ಗುಣವುಂಟೆಂಬುದನ್ನು ಈಚಿನ ಪರೀಕ್ಷೆಗಳೂ ಒಪ್ಪಿರುವುವು. ಜ್ಯೇಷ್ಠ ಮಾಸದ ಕಾರಹುಣ್ಣಿಮೆಯಂದು ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣವಿಟ್ಟು, ಕರಿ ಹರಿಯಲು ಓಡಿಸುವ ಪದ್ಧತಿಯು ಈ ಸೀಮೆಯಲ್ಲಿ ಪ್ರಬಲವಾಗಿದೆ. ಮುಂಗಾರು ಬಿದ್ದು ಉಣ್ಣೆಗಳು ಹೆಚ್ಚುವ ಋತುವಿನ ಮೊದಲಿನಲ್ಲಿಯೇ ಪ್ರತಿಯೊಂದು ಎತ್ತಿನ ಮೈಯನ್ನೂ ಕೈಯಾಡಿಸಿ ನೋಡುವ ಸಂದರ್ಭವು ಇದರಿಂದ ತಾನಾಗಿ ಒದಗುತ್ತದೆ. ಆದರೆ ಯಕೃತ್ತಿನ ಚಪ್ಪಟೆ ಹುಳು ಎಂಬುದು ಪುಸ್ತಕದಿಂದ ಬಂದ ಮಾತು. ಪಶುವಿನ ಹೊಟ್ಟೆಯನ್ನು ಸೀಳಿದಲ್ಲದೆ ಅದು ಕಾಣುವುದಿಲ್ಲ. ಕಾಣದುದಕ್ಕೆ ಹೆಸರಿಲ್ಲ, ಹೆಸರಿಲ್ಲದುದಕ್ಕೆ ಔಷಧವೂ ಇಲ್ಲ.

೨. ಕೆರೆಯೂ ಚಪ್ಪಟೆ ಹುಳುವೂ

ಮಳೆಯು ಕಡಿಮೆಯಾದ ಈ ನಾಡಿನಲ್ಲಿ ಕೆರೆಯನ್ನು ಕಟ್ಟಿಸುವುದು ಅರಸನಿಗೆ ಮಹಾಪುಣ್ಯವೂ ರಾಜನೀತಿಯೂ ಆಗಿದ್ದಿತು. ಶಹಾಪುರಕ್ಕೆ ನೆರೆಯದಾದ ಸುರಪುರ ಸಂಸ್ಥಾನದ ನಾಯಕ ಅರಸರ ಕಾಲದಲ್ಲಿ, ೧೭ನೆಯ ಶತಮಾನದಲ್ಲಿ, ಬೋನಾಳದ ಕೆರೆಯು ನಿರ್ಮಿತವಾಯಿತು. ಮುಂದೆ ಸಂಸ್ಥಾನದ ಆಡಳಿತವನ್ನು ನೋಡಿಕೊಳ್ಳಲು ನಿಯುಕ್ತನಾಗಿ ೧೮೫೩ರ ವರೆಗೆ ಅಲ್ಲಿದ್ದ ಫಿಲಿಪ್ ಮೆಡೋಸ್ ಟೇಲರನು ಈ ಕೆರೆಯನ್ನು ಸುಧಾರಿಸಿದನು. ಕಚಕನೂರಿನ ಕೆರೆಯ ಕೆಲಸವನ್ನೂ ಮಾಡಿಸಿದನು. ೧೮೬೦ರಲ್ಲಿ ಸುರಪುರವು ನಿಜಾಮನ ವಶಕ್ಕೆ ಹೋಯಿತು. ಬೋನಾಳದ ಕೆರೆಯಾದರೋ ಇಂದು ಪಕ್ಷಿಧಾಮವೆಂದು ಪ್ರಸಿದ್ಧವಾಗಿದೆ.

ಈ ಕೆರೆಗಳು ಜನರಿಗೂ ದನಗಳಿಗೂ ಜೀವವನ್ನು ಕೊಟ್ಟುವೆಂಬುದರಲ್ಲಿ ಸಂಶಯವಿಲ್ಲ. ಆದರೆ ನಿಂತ ನೀರಿನ ಅಂಚಿನಲ್ಲಿ ಬಸವನಹುಳುವು ಬಾಳುತ್ತದೆ; ಬಸವನಹುಳುವಿನೊಡನೆ ಚಪ್ಪಟೆ ಹುಳುವೂ ಬಾಳುತ್ತದೆ. ಇವೆರಡರ ಸಂಬಂಧವು ತಿಳಿದುಬಂದ ಬಗೆಯು ವಿಚಾರಾರ್ಹವಾಗಿದೆ. ಕುರಿಗಳ ಯಕೃತ್ತಿನಲ್ಲಿರುವ ಹುಳುವನ್ನು ಫ್ರಾನ್ಸಿನ ಜಾನ್ ದ ಬ್ರೀ ಎಂಬಾತನು ೧೩೭೯ರಲ್ಲಿಯೇ ಉಲ್ಲೇಖಿಸಿದ್ದನು. ಆದರೆ ಅದು ಅಲ್ಲಿಗೆ ಹೇಗೆ ಬಂದಿತೆಂಬುದು ಐನೂರು ವರ್ಷಗಳ ಕಾಲ ಗೂಢವಾಗಿಯೇ ಉಳಿಯಿತು. ೧೮೭೯ ಮತ್ತು ೧೮೮೦ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಾಂತರ ಕುರಿಗಳು ಈ ವ್ಯಾಧಿಯಿಂದ ಸತ್ತ ಮೇಲೆ ಅಲ್ಲಿ ಎ. ಪಿ. ಥಾಮಸನೂ, ಜರ್ಮನಿಯಲ್ಲಿ ರುಡಾಲ್ಫ್ ಲೂಕಾರ್ಟನೂ ಪ್ರತ್ಯೇಕವಾಗಿ ಶೋಧನೆ ನಡೆಸಿ, ೧೮೮೧ರಿಂದ ೧೮೮೩ರ ಒಳಗೆ ಹುಳುವಿನ ಜೀವನಕ್ರಮವನ್ನು ಹೊರಗೆಡಹಿದರು.

ಆ ಕ್ರಮವು ಹೀಗಿದೆ. ಪಶುವಿನ ಪಿತ್ತನಾಳದಲ್ಲಿರುವ ಹುಳುವಿನ ತತ್ತಿಗಳು ಸಗಣಿಯೊಡನೆ ಹೊರಬಿದ್ದು ನೀರನ್ನು ಸೇರುವುವು. ತತ್ತಿಯೊಡೆದು ಹೊರಬಂದ ಮರಿಯು ಕೆಲವು ಗಂಟೆಗಳೊಳಗಾಗಿ ತಕ್ಕ ಜಾತಿಯ ಬಸವನಹುಳುವನ್ನು ಹೊಗಬೇಕು, ಇಲ್ಲವಾದರೆ ಸಾಯುವುದು. ಹೊಕ್ಕ ಒಂದು ಮರಿಯು ಅಲ್ಲಿ ನೂರಾರಾಗಿ ಬೆಳೆದು ಮತ್ತೆ ನೀರಿಗಿಳಿಯುವುದು. ದಂಡೆಯ ಹುಲ್ಲಿಗೆ ಅಂಟಿ ಗಟ್ಟಿಯಾದ ಕೋಶದೊಳಗೆ ಅಡಗುವುದು. ಆ ಹುಲ್ಲನ್ನು ಮೇಯ್ದ ದನದ ಕರುಳನ್ನು ತೂರಿ, ಯಕೃತ್ತನ್ನು ಕೊರೆದು, ಪಿತ್ತನಾಳವನ್ನು ಸೇರುವುದು. ಭಾರತದ ಬಯಲುಸೀಮೆಯ ದನಗಳಲ್ಲಿರುವುದು ಇದೇ ಕುಲದ ದೊಡ್ಡ ಜಾತಿಯು, ಫ್ಯಾಸಿಯೋಲಾ ಜೈಗಾಂಟಿಕಾ ಎಂಬುದು. ಇದನ್ನು ಮೊದಲು ವರ್ಣಿಸಿದವನು ಕಾಬೋಲ್ಡ್ ಎಂಬ ಆಂಗ್ಲ ಪಂಡಿತನು. ೧೮೫೫ರ ಸುಮಾರಿಗೆ ಅವನಿಗೆ ಅದು ದೊರೆತುದು ಒಂದು ಜಿರಾಫೆಯ ಯಕೃತ್ತಿನಲ್ಲಿ.

ಈ ಜೀವನಕ್ರಮವನ್ನು ಶಿರವಾಳದಂತಹ ಗ್ರಾಮದ ಋತುಚಕ್ರಕ್ಕೆ ಹೊಂದಿಸಿ ನೋಡಿದರೆ ಒಂದು ಕ್ರೂರವಾದ ಸಂಗತಿಯು ತಿಳಿದುಬರುವುದು. ಮಳೆಗಾಲದಲ್ಲಿ ಹುಲ್ಲು ಎಲ್ಲೆಡೆಯಲ್ಲಿಯೂ ಇರುವುದರಿಂದ ದನಗಳು ಚೆದರಿ ಮೇಯುವುವು. ಸುಗ್ಗಿ ಕಳೆದು ಬೇಸಗೆ ಬಂದಂತೆ ಹೊಲಗಳು ಒಣಗಿ, ಹಸುರೆಂಬುದು ಕೆರೆಯ ಇಳಿದ ನೀರಿನ ಅಂಚಿನಲ್ಲಿ ಮಾತ್ರ ಉಳಿಯುವುದು. ಕೋಶಗಳಡಗಿದ ಹುಲ್ಲೂ ಅದೇ. ಊರಿನ ದನವೆಲ್ಲ ಹಸಿದು ಅಲ್ಲಿಯೇ ಸೇರುವುದು. ಹುಳುವು ಬಲಿತು ಎತ್ತು ನಿಶ್ಶಕ್ತವಾಗುವ ವೇಳೆಗೆ ಮುಂಗಾರಿನ ನೇಗಿಲು ಹೂಡುವ ದಿನಗಳು ಬಂದಿರುವುವು. ಗದ್ದದ ಕೆಳಗೆ ನೀರು ತುಂಬಿದ ಬಾವು, ಬಿಳುಪೇರಿದ ಕಣ್ಣು, ನಿಲ್ಲದ ಭೇದಿ, ಎದ್ದುನಿಂತ ಎಲುಬು, ಇಷ್ಟನ್ನೇ ಒಕ್ಕಲಿಗನು ಕಾಣುತ್ತಿದ್ದನು. ಮೇವು ಸಾಲದೆ ಎತ್ತು ಬಡವಾಯಿತೆಂದು ಅವನು ತಿಳಿಯುತ್ತಿದ್ದುದು ಸಹಜವೇ. ೧೮೭೬ರಿಂದ ೧೮೭೮ರ ವರೆಗೆ ದಖ್ಖಣವನ್ನು ಹಿಂಡಿದ ಮಹಾಕ್ಷಾಮದಂತಹ ವರ್ಷಗಳಲ್ಲಿ ಹಸಿವಿನ ಕೃಶತೆಯನ್ನೂ ಹುಳುವಿನ ಕೃಶತೆಯನ್ನೂ ಬೇರ್ಪಡಿಸಿ ನೋಡುವುದು ಯಾರಿಂದಲೂ ಆಗುವಂತಿರಲಿಲ್ಲ.

೩. ಆಳಿದವರ ದೃಷ್ಟಿ

ಬ್ರಿಟಿಷ್ ಸರ್ಕಾರದ ಲಕ್ಷ್ಯವನ್ನು ಮೊದಲು ಸೆಳೆದುದು ದೊಡ್ಡರೋಗವು. ಹಾಲೆನ್ ಎಂಬ ಪಶುವೈದ್ಯಾಧಿಕಾರಿಯ ಅಧ್ಯಕ್ಷತೆಯಲ್ಲಿ ನೇಮಕವಾದ ಗೋಮಾರಿ ಆಯೋಗವು ೧೮೭೧ರಲ್ಲಿ ವರದಿಯನ್ನೊಪ್ಪಿಸಿತು. ೧೮೮೯ರಲ್ಲಿ ಪುಣೆಯಲ್ಲಿ ಸ್ಥಾಪಿತವಾಗಿ ೧೮೯೩ರಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ವರ್ಗವಾದ ಸಾಮ್ರಾಜ್ಯ ಸೂಕ್ಷ್ಮಜೀವಿ ಪ್ರಯೋಗಶಾಲೆಯ ಮುಖ್ಯಕಾರ್ಯವೂ ಇದೇ ಆಯಿತು. ೧೯೨೮ರಲ್ಲಿ ಹೊರಬಂದ ರಾಜಕೀಯ ಕೃಷಿ ಆಯೋಗದ ವರದಿಯಲ್ಲಿಯೂ ಪಶುರೋಗಗಳ ವಿಷಯದಲ್ಲಿ ದೊಡ್ಡರೋಗಕ್ಕೇ ಪ್ರಾಧಾನ್ಯವು ದೊರೆತಿತು.

ಪರೋಪಜೀವಿಗಳು ಸರ್ಕಾರದ ಕಣ್ಣಿಗೆ ಬಿದ್ದುದು ಸೈನ್ಯದ ಮೂಲಕ. ೧೮೮೦ರಲ್ಲಿ ಡೇರಾ ಇಸ್ಮಾಯಿಲ್ ಖಾನಿನಲ್ಲಿ ಗ್ರಿಫಿತ್ ಇವಾನ್ಸನು ಸರ್ರಾ ಎಂಬ ರೋಗದಿಂದ ನರಳುತ್ತಿದ್ದ ಕುದುರೆ ಒಂಟೆಗಳ ರಕ್ತದಲ್ಲಿ ಚಲಿಸುವ ಅಣುಜೀವಿಯನ್ನು ಕಂಡನು. ರೋಗಕಾರಕವಾದ ಟ್ರಿಪನೋಸೋಮವು ಮೊದಲು ಗೊತ್ತಾದುದು ಹೀಗೆ. ದನಗಳು ಅದೇ ಅಣುಜೀವಿಯನ್ನು ಹೆಚ್ಚಿನ ಲಕ್ಷಣವಿಲ್ಲದೆ ಹೊತ್ತಿರಬಲ್ಲುವು. ಗೋಮಾಂಸದ ವಿಷಯವೂ ಇಂತಹುದೇ. ದನಗಳ ಮಾಂಸದಲ್ಲಿರುವ ಗುಳ್ಳೆಗಳಿಂದ ಮನುಷ್ಯನ ಕರುಳಿನ ಲಾಡಿಹುಳುವು ಬೆಳೆಯುವುದೆಂಬುದನ್ನು ೧೮೬೦ರ ದಶಕದಲ್ಲಿ ಲೂಕಾರ್ಟನ ಪ್ರಯೋಗಗಳು ಸೂಚಿಸಿದುವು. ಭಾರತದಲ್ಲಿಯೇ ೧೮೭೦ರ ಸುಮಾರಿಗೆ ಆಲಿವರ್ ಎಂಬುವನ ಅವಲೋಕನಗಳು ಅದನ್ನು ಸಮರ್ಥಿಸಿದುವು. ಸೈನಿಕರ ಆಹಾರಕ್ಕೆ ಅಪಾಯವಿದ್ದೆಡೆಯಲ್ಲಿ ಪರೀಕ್ಷೆಯು ನಡೆಯಿತು. ಒಕ್ಕಲಿಗನ ನೇಗಿಲಿಗೆ ಅಪಾಯವಿದ್ದೆಡೆಯಲ್ಲಿ ನಡೆಯಲಿಲ್ಲ.

ಇದಕ್ಕೆ ಮತ್ತೊಂದು ಕಾರಣವೂ ಉಂಟು. ಮಾಂಸಕ್ಕಾಗಿ ದನಗಳನ್ನು ಸಾಕುವ ದೇಶಗಳಲ್ಲಿ ವಧಾಗೃಹದ ಪರೀಕ್ಷಕನು ಪ್ರತಿಯೊಂದು ಯಕೃತ್ತನ್ನೂ ಕೊಯ್ದು ನೋಡುವನು. ಹುಳುವಿದ್ದ ಯಕೃತ್ತು ತಿರಸ್ಕೃತವಾಗಿ ಅದರ ಬೆಲೆಯು ಲೆಕ್ಕಕ್ಕೆ ಬರುವುದು. ಅಮೆರಿಕದಲ್ಲಿ ದಕ್ಷಿಣದಿಂದ ಉತ್ತರಕ್ಕೆ ಹೊಡೆದುಕೊಂಡು ಹೋದ ಮಾಂಸದ ದನಗಳಿಂದ ಹರಡುತ್ತಿದ್ದ ಟೆಕ್ಸಾಸ್ ಜ್ವರವು ಉಣ್ಣೆಯಿಂದ ಅಂಟುವುದೆಂಬುದನ್ನು ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ೧೮೯೩ರಲ್ಲಿ ಸಿದ್ಧಪಡಿಸಿದುದಕ್ಕೂ ಆ ವ್ಯಾಪಾರದ ನಷ್ಟವೇ ಪ್ರೇರಣೆ. ಕೃಷ್ಣಾತೀರದಲ್ಲಾದರೋ ದನವು ಸಾಕಲ್ಪಡುತ್ತಿದ್ದುದು ನೊಗಕ್ಕಾಗಿ. ೧೯ನೆಯ ಶತಮಾನದ ಉತ್ತರಾರ್ಧದಲ್ಲಿ ಸಾಂಗಲಿ, ಮಿರಜ ಮುಂತಾದ ಸಂಸ್ಥಾನಿಕರ ಆಶ್ರಯದಲ್ಲಿ ರೂಪುಗೊಂಡ ಕೃಷ್ಣಾ ಕಣಿವೆಯ ತಳಿಯು ಜಿಗುಟಾದ ಎರೆಯನ್ನು ಸೀಳುವ ಭಾರವಾದ ನೇಗಿಲಿಗಾಗಿಯೇ ಬೆಳೆದುದು. ಅಂತಹ ಎತ್ತಿನಲ್ಲಿ ಹುಳುವಿನಿಂದಾದ ನಷ್ಟವನ್ನು ಅಳೆಯಬೇಕಾದರೆ ತೂಕದಿಂದಲ್ಲ, ಉಳದೆ ಬಿಟ್ಟ ಹೊಲದಿಂದ ಅಳೆಯಬೇಕು. ಆ ಅಳತೆಯನ್ನು ಯಾವ ಕಚೇರಿಯೂ ಇಟ್ಟಿರಲಿಲ್ಲ. ೧೮೯೭ರಲ್ಲಿ ನಿಜಾಮ ರಾಜ್ಯದ ಸಿಕಂದರಾಬಾದಿನಲ್ಲಿಯೇ ರೊನಾಲ್ಡ್ ರಾಸನು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರೋಪಜೀವಿಯನ್ನು ಕಂಡು ಲೋಕವಿಖ್ಯಾತನಾದನು. ಅದೇ ರಾಜ್ಯದ ಗುಲಬರ್ಗಾ ಜಿಲ್ಲೆಗೆ ಸೇರಿದ್ದ ಶಹಾಪುರ ಸುರಪುರಗಳ ದನಗಳೊಳಗಿನ ಪರೋಪಜೀವಿಗಳಿಗೆ ಅಂತಹ ಕೀರ್ತಿಯು ದೊರೆಯಲಿಲ್ಲ.

೪. ದೊಡ್ಡರೋಗದ ಅಂತ್ಯ

ದೊಡ್ಡರೋಗದೊಡನೆ ನಡೆದ ಹೋರಾಟವು ಸಂಪೂರ್ಣ ವಿಜಯದಲ್ಲಿ ಕೊನೆಗೊಂಡಿತು. ೧೯೨೦ರ ದಶಕದಲ್ಲಿ ಮುಕ್ತೇಶ್ವರದಲ್ಲಿ ಎಡ್ವರ್ಡ್ಸನು ಆಡುಗಳಲ್ಲಿ ಸಾಗಿಸಿ ಮೃದುಗೊಳಿಸಿದ ಲಸಿಕೆಯನ್ನು ಸಿದ್ಧಮಾಡಿದನು. ೧೯೫೪ರಲ್ಲಿ ರಾಷ್ಟ್ರೀಯ ನಿರ್ಮೂಲನ ಕಾರ್ಯವು ಮೊದಲಾಯಿತು. ೨೦೦೬ರಲ್ಲಿ ಭಾರತವೂ, ೨೦೧೧ರಲ್ಲಿ ಸಮಸ್ತ ಜಗತ್ತೂ ಆ ರೋಗದಿಂದ ಮುಕ್ತವೆಂದು ಘೋಷಿತವಾದುವು. ಪಶುರೋಗಗಳಲ್ಲಿ ಭೂಮಿಯಿಂದಲೇ ಅಳಿದುದು ಇದೊಂದೇ.

ಹುಳುಗಳ ವಿಷಯದಲ್ಲಿ ಹೀಗೇಕೆ ಆಗಲಿಲ್ಲವೆಂಬ ಪ್ರಶ್ನೆಗೆ ಉಪೇಕ್ಷೆಯೊಂದನ್ನೇ ಉತ್ತರವಾಗಿ ಹೇಳುವುದು ನ್ಯಾಯವಲ್ಲ. ದೊಡ್ಡರೋಗದಿಂದ ಬದುಕಿ ಉಳಿದ ದನಕ್ಕೆ ಅದು ಮತ್ತೆ ಬಾರದು. ಒಂದು ಲಸಿಕೆಯು ದೀರ್ಘಕಾಲ ರಕ್ಷಿಸುವುದು. ರೋಗಾಣುವು ದನದಿಂದ ಹೊರಗೆ ಬಹುಕಾಲ ಬಾಳದು. ಚಪ್ಪಟೆ ಹುಳುವಿಗಾದರೋ ಬಸವನಹುಳುವಿನ ಆಶ್ರಯವುಂಟು. ರಕ್ತಾಣುಜೀವಿಗಳಿಗೆ ಉಣ್ಣೆಯ ಆಶ್ರಯವುಂಟು. ಕರುವಿನ ಜಂತುವು ತಾಯಿಯ ಹಾಲಿನೊಡನೆಯೇ ಬರಬಲ್ಲುದು. ಇಂದು ಔಷಧ ಕುಡಿಸಿದ ದನವು ನಾಳೆ ಅದೇ ದಂಡೆಯಲ್ಲಿ ಮೇಯ್ದು ಮತ್ತೆ ಹುಳುವನ್ನು ತರುವುದು. ಶತ್ರುವಿನ ಸ್ವಭಾವವೇ ಬೇರೆಯೆಂಬುದನ್ನು ಒಪ್ಪಬೇಕು.

ಆದರೆ ಈ ಸಮಾಧಾನಕ್ಕೂ ಒಂದು ಮೇರೆಯಿದೆ. ಕರ್ನಾಟಕದ ಒಣ ಜಿಲ್ಲೆಗಳಲ್ಲಿ ಮನುಷ್ಯರನ್ನು ಕಾಡುತ್ತಿದ್ದ ನಾರುಹುಣ್ಣು ಸಹ ಪರೋಪಜೀವಿಯಿಂದ ಬರುವ ರೋಗವೇ. ಮೆಟ್ಟಿಲ ಬಾವಿಗೆ ಇಳಿದವರ ಕಾಲಿನ ಹುಣ್ಣಿನಿಂದ ಮರಿಗಳು ನೀರಿಗೆ ಬಿದ್ದು, ಸೈಕ್ಲಾಪ್ಸ್ ಎಂಬ ನೀರಿನ ಕ್ಷುದ್ರಜೀವಿಯನ್ನು ಹೊಕ್ಕು, ಆ ನೀರನ್ನು ಕುಡಿದವರಲ್ಲಿ ಬೆಳೆಯುತ್ತಿದ್ದುವು. ಅದಕ್ಕೆ ಲಸಿಕೆಯಿರಲಿಲ್ಲ, ಹುಳುವನ್ನು ಕೊಲ್ಲುವ ಔಷಧವೂ ಇರಲಿಲ್ಲ. ೧೯೮೦ರ ದಶಕದಲ್ಲಿ ಮೊದಲಾದ ಕಾರ್ಯಕ್ರಮದಲ್ಲಿ ಮೆಟ್ಟಿಲ ಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಿ, ಕೊಳವೆ ಬಾವಿಗಳನ್ನು ಕೊರೆದು, ನೀರನ್ನು ಬಟ್ಟೆಯಲ್ಲಿ ಸೋಸುವುದನ್ನು ಕಲಿಸಲಾಯಿತು. ೨೦೦೦ದಲ್ಲಿ ಭಾರತವು ಆ ರೋಗದಿಂದ ಮುಕ್ತವೆಂದು ದೃಢಪಟ್ಟಿತು. ಜೀವಿ ಮತ್ತು ನೀರು ಕೂಡುವ ಸ್ಥಳವನ್ನು ತಿದ್ದಿದರೆ ಹುಳುವನ್ನೂ ಗೆಲ್ಲಬಹುದೆಂಬುದಕ್ಕೆ ಇದು ನಿದರ್ಶನ.

೫. ಕಾಲುವೆಯ ಯುಗ

೧೯೫೬ರಲ್ಲಿ ಈ ಸೀಮೆಯು ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ೨೦೦೯ರಲ್ಲಿ ಗುಲಬರ್ಗಾದಿಂದ ಬೇರ್ಪಟ್ಟ ಯಾದಗಿರಿ ಜಿಲ್ಲೆಯ ಭಾಗವಾಯಿತು. ಈ ನಡುವೆ ನೀರಿನ ಸ್ವರೂಪವೇ ಬದಲಾಯಿತು. ೧೯೬೪ರಲ್ಲಿ ಆಲಮಟ್ಟಿಯಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರಿಂದ ಶಂಕುಸ್ಥಾಪನೆಯಾದ ಕೃಷ್ಣಾ ಮೇಲ್ದಂಡೆ ಯೋಜನೆಯ ಅಂಗವಾಗಿ ನಾರಾಯಣಪುರದ ಬಸವಸಾಗರವು ೧೯೮೨ರಲ್ಲಿ ಪೂರ್ಣವಾಯಿತು. ಅದರ ಎಡದಂಡೆಯ ಕಾಲುವೆಗಳು ಸುರಪುರ, ಶಹಾಪುರ, ಜೇವರ್ಗಿ ತಾಲ್ಲೂಕುಗಳಿಗೆ ಹರಿದುವು. ಜೋಳ, ತೊಗರಿ, ಹತ್ತಿಗಳ ಎರೆಹೊಲದಲ್ಲಿ ಬತ್ತದ ಗದ್ದೆಗಳು ಕಾಣಿಸಿಕೊಂಡುವು.

ಬಸವನಹುಳುವಿನ ದೃಷ್ಟಿಯಿಂದ ನೋಡಿದರೆ ಇದು ಕೆರೆಯ ಅಂಚನ್ನು ಊರೂರಿನ ಹೊಲದ ಬದುವಿನ ವರೆಗೆ ಎಳೆದುತಂದಂತೆಯೇ. ಬತ್ತದ ಗದ್ದೆ, ಬಸಿಗಾಲುವೆ, ಸೋರುವ ತೂಬು ಇವೆಲ್ಲವೂ ಅದಕ್ಕೆ ಅನುಕೂಲವಾದ ತಾಣಗಳು. ಇಂತಹ ನೀರಿನಲ್ಲಿ ಬಾಳುವ ಇಂಡೋಪ್ಲನಾರ್ಬಿಸ್ ಎಂಬ ಸುರುಳಿ ಚಿಪ್ಪಿನ ಹುಳುವು ಮತ್ತೊಂದು ವ್ಯಾಧಿಗೂ ಆಶ್ರಯವಾಗಿದೆ. ಅದರಿಂದ ಹೊರಟ ಮರಿಗಳು ನೀರಿನಲ್ಲಿ ನಿಂತ ದನದ ಚರ್ಮವನ್ನೇ ತೂರಿ ಮೂಗಿನ ರಕ್ತನಾಳಗಳನ್ನು ಸೇರುವುವು. ಮೂಗಿನೊಳಗೆ ಹೂಕೋಸಿನಂತಹ ಗಂಟು ಬೆಳೆದು, ಪಶುವು ಗೊರಕೆಯ ಸದ್ದಿನೊಡನೆ ಉಸಿರಾಡುವುದು. ಮದರಾಸಿನಲ್ಲಿ ಅನಂತನಾರಾಯಣ ರಾಯರು ೧೯೩೩ರಲ್ಲಿ ಈ ಹುಳುವಿಗೆ ಶಿಸ್ಟೊಸೋಮಾ ನೇಸೇಲ್ ಎಂದು ನಾಮಕರಣ ಮಾಡಿದರು.

ಇದೇ ಕಾಲದಲ್ಲಿ ದನಗಳ ತಳಿಯೂ ಬದಲಾಯಿತು. ೧೯೭೦ರಲ್ಲಿ ಮೊದಲಾದ ಕ್ಷೀರಪ್ರವಾಹ ಯೋಜನೆಯ ಹಿಂದೆಯೇ ಜರ್ಸಿ, ಹೋಲ್‌ಸ್ಟೀನ್ ಮಿಶ್ರತಳಿಗಳು ಹಳ್ಳಿಗಳಿಗೆ ಬಂದುವು; ಟ್ರ್ಯಾಕ್ಟರು ಎತ್ತಿನ ನೊಗವನ್ನು ಇಳಿಸಿತು. ತಲೆತಲಾಂತರದಿಂದ ಉಣ್ಣೆಯೊಡನೆ ಬಾಳಿದ ನಾಡದನಗಳು ಥೈಲೇರಿಯಾ ಎಂಬ ರಕ್ತಾಣುಜೀವಿಯನ್ನು ಬಹುಮಟ್ಟಿಗೆ ತಾಳಬಲ್ಲುವು. ಮಿಶ್ರತಳಿಯ ಹಸುವಿಗೆ ಆ ತಾಳಿಕೆಯಿಲ್ಲ. ತೀವ್ರವಾದ ಜ್ವರ ಬಂದು, ಗ್ರಂಥಿಗಳು ಊದಿ, ಚಿಕಿತ್ಸೆ ತಡವಾದರೆ ಸಾಯುವುದು. ಎಂದೂ ಲೆಕ್ಕಕ್ಕೆ ಬಾರದಿದ್ದ ಉಣ್ಣೆಯು, ಸಾಲ ತಂದು ಕೊಂಡ ಹಸುವು ಸತ್ತಾಗ ಲೆಕ್ಕಕ್ಕೆ ಬಂದಿತು. ಸವೆಸುವ ರೋಗವು ಕೊಲ್ಲುವ ರೋಗವಾದ ಮೇಲೆಯೇ ಎಲ್ಲರಿಗೂ ಕಾಣಿಸಿತೆಂಬುದು ಈ ಇತಿಹಾಸದ ಹಳೆಯ ಪಾಠದ ಪುನರಾವೃತ್ತಿ.

೬. ಉಪಸಂಹಾರ

ಮೇಲ್ಕಂಡ ಸಂಗತಿಗಳನ್ನು ಒಟ್ಟಾಗಿ ನೋಡಿದರೆ, ಚಾಲುಕ್ಯರ ಕಾಲದಿಂದ ಈವರೆಗೆ ಈ ಸೀಮೆಯಲ್ಲಿ ನೀರನ್ನು ತಂದವರೆಲ್ಲರೂ ಬೆಳೆಯ ಲೆಕ್ಕವನ್ನಿಟ್ಟರೆಂದೂ, ಅದೇ ನೀರಿಗಿಳಿದ ದನದ ಲೆಕ್ಕವನ್ನು ಯಾರೂ ಇಡಲಿಲ್ಲವೆಂದೂ ಹೇಳಬಹುದಾಗಿದೆ. ಇಂದು ಪರಿಣಾಮಕಾರಿಯಾದ ಔಷಧಗಳಿಗೆ ಅಭಾವವಿಲ್ಲ. ೨೦೦೪ರಲ್ಲಿ ಬೀದರಿನಲ್ಲಿ ಸ್ಥಾಪಿತವಾದ ಪಶುವೈದ್ಯ ವಿಶ್ವವಿದ್ಯಾನಿಲಯವು ಈ ಭಾಗಕ್ಕೆ ಸಮೀಪದಲ್ಲಿಯೇ ಇದೆ. ಆದರೂ ಔಷಧವೊಂದರಿಂದಲೇ ಕಾರ್ಯವು ಸಾಧಿಸದೆಂಬುದನ್ನು ಹುಳುವಿನ ಜೀವನಕ್ರಮವೇ ತಿಳಿಸುವುದು. ಒಂದೇ ಔಷಧವನ್ನು ಮತ್ತೆ ಮತ್ತೆ ಬಳಸಿದರೆ ಉಣ್ಣೆಯೂ ಹುಳುವೂ ಅದಕ್ಕೆ ಮಣಿಯದಂತಾಗುವುವು.

ನಮ್ಮ ಹಳ್ಳಿಗಳ ಹಳೆಯ ಬಾವಿಗಳ ಪಕ್ಕದಲ್ಲಿ ದನಗಳಿಗೆ ನೀರು ತುಂಬಿಡುವ ಕಲ್ಲಿನ ದೋಣಿಗಳು ಕಾಣಬರುವುವು. ಬಾವಿಯಿಂದ ಸೇದಿ ದೋಣಿಗೆ ಹೊಯ್ದ ನೀರನ್ನು ಕುಡಿಯುವ ದನವು ಕೆರೆ ಕಾಲುವೆಗೆ ಇಳಿಯದು, ಅದರ ಸಗಣಿಯು ನೀರಿಗೆ ಬೀಳದು, ದಂಡೆಯ ಹುಲ್ಲಿಗೆ ಅದು ಬಾಯಿ ಹಾಕದು. ಆ ಕಲ್ಲನ್ನು ಕಡೆದವರಿಗೆ ಬಸವನಹುಳುವಿನ ಗುಟ್ಟು ತಿಳಿದಿರಬೇಕಾಗಿರಲಿಲ್ಲ. ಅದು ತಿಳಿದಿರುವ ಕಾಲದಲ್ಲಿ ಕಾಲುವೆಯನ್ನು ತೋಡುವವರು ಊರಿಗೊಂದು ದೋಣಿಯನ್ನೂ ಲೆಕ್ಕದಲ್ಲಿ ಸೇರಿಸುವುದು ಯುಕ್ತವಾಗಿದೆ. ಶಿರವಾಳದ ಗುಡಿಗಳನ್ನು ಅಳೆದು ಬರೆಯುವ ಸಂಶೋಧಕರು ಅಂತಹ ದೋಣಿಗಳನ್ನೂ ಅಳೆದು ಬರೆದಿಟ್ಟರೆ, ಈ ನಾಡಿನ ಇತಿಹಾಸದಲ್ಲಿ ಎತ್ತಿಗೂ ಅದರ ಪಾಲಿನ ಸ್ಥಾನವು ದೊರೆತಂತಾಗುವುದು.